ಶಾಲೆಯ ಇಂಗ್ಲಿಷ್ ಮತ್ತು ಲೋಕದ ಓದು



ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದವನನ್ನು ಕನ್ನಡದ ವೇದಿಕೆಗೆ ಕರೆದರೆ ಸಭಿಕರಿಗೆ ಒಂದು ಅನುಮಾನ ಇದ್ದೇ ಇರುತ್ತದೆ: ಈ ಮನುಷ್ಯ ಇಂಗ್ಲಿಷ್ ಮಾಧ್ಯಮದ ಪರವೋ, ವಿರೋಧವೋ? ಆ ಜಗಳಕ್ಕೆ ನಾನು ಇವತ್ತು ಕೈಹಾಕುವುದಿಲ್ಲ. ಗೋಕಾಕ್ ವರದಿಯ ಕಾಲದಿಂದ 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟ ದಿನದವರೆಗೆ ಅದನ್ನು ಬಲ್ಲವರೆಲ್ಲ ಮಾತಾಡಿದ್ದಾರೆ. ನನ್ನ ಪ್ರಶ್ನೆ ಅದಕ್ಕಿಂತ ಸಣ್ಣದು. ಯಾವ ಮಾಧ್ಯಮದಲ್ಲೇ ಓದಲಿ, ಎಸ್ಸೆಸ್ಸೆಲ್ಸಿ ಮುಗಿಸುವ ನಮ್ಮ ಮಗು ಈಗ ಹತ್ತು ವರ್ಷ ಇಂಗ್ಲಿಷ್ ಕಲಿತಿರುತ್ತದೆ. ಆ ಹತ್ತು ವರ್ಷಗಳಲ್ಲಿ ಪಠ್ಯವಲ್ಲದ ಒಂದೇ ಒಂದು ಇಂಗ್ಲಿಷ್ ಪುಸ್ತಕವನ್ನಾದರೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿರುತ್ತದೆಯೆ? ಬೇರೆ ದೇಶದ ಒಬ್ಬ ಹುಡುಗ, ಒಬ್ಬ ಅಜ್ಜಿ, ಒಂದು ಊರು ಅದರ ಮನಸ್ಸಿನೊಳಗೆ ಬಂದು ಕೂತಿರುತ್ತದೆಯೆ?

ಇಂಗ್ಲಿಷ್ ಬಂದರೆ ಜಗತ್ತೇ ತೆರೆದುಕೊಳ್ಳುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಪೋಷಕರ ಸಭೆಗಳಲ್ಲಿ ನಾನೂ ಹೇಳಿದ್ದುಂಟು. ಆದರೆ ಭಾಷೆ ಕಲಿತ ಮಾತ್ರಕ್ಕೆ ಜಗತ್ತು ತೆರೆಯುವುದಿಲ್ಲ, ಓದಿದರೆ ತೆರೆಯುತ್ತದೆ. ನಮ್ಮ ಶಾಲೆಗಳು ಇಂಗ್ಲಿಷ್ ಕಲಿಸುವುದನ್ನು ವರ್ಷದಿಂದ ವರ್ಷಕ್ಕೆ ಹೆಚ್ಚಿಸುತ್ತ ಬಂದವು. ಇಂಗ್ಲಿಷಿನಲ್ಲಿ ಓದಿಸುವುದನ್ನು ಮೆಲ್ಲಗೆ ಕೈಬಿಟ್ಟವು. ಇಂದು ನಾನು ಹೇಳಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ಆರ್.ಕೆ. ನಾರಾಯಣ್ ತಮ್ಮ ಬಾಲ್ಯದ ಇಂಗ್ಲಿಷ್ ಪಾಠವನ್ನು ನೆನೆದು ಬರೆದಿದ್ದಾರೆ. ಅಕ್ಷರಮಾಲೆಯ ಪುಸ್ತಕದಲ್ಲಿ ‘ಎ’ಗೆ ಬಂದದ್ದು ಆಪಲ್ ಪೈ. ಮುಂದಿನ ಅಕ್ಷರಗಳೆಲ್ಲ ಆ ತಿಂಡಿಯ ಹಿಂದೆ ಬಿದ್ದಂಥವೇ. ಮಕ್ಕಳಿಗೆ ಆಪಲ್ ಪೈ ಎಂದರೇನೆಂದು ಗೊತ್ತಿಲ್ಲ, ಕಲಿಸುವ ಮೇಷ್ಟರೂ ಅದನ್ನು ಕಂಡವರಲ್ಲ. ಬಿಡದೆ ಕೇಳಿದಾಗ ಅವರು, ನಮ್ಮ ಇಡ್ಲಿಯಂಥದ್ದೇ ಇರಬೇಕು, ಸೇಬಿನಲ್ಲಿ ಮಾಡಿದ್ದು ಎಂದರಂತೆ. ಓದಿದವರೆಲ್ಲ ನಗುತ್ತಾರೆ. ನನಗೆ ಮಾತ್ರ ಆ ಮೇಷ್ಟರ ಮೇಲೆ ಗೌರವ. ‘ಅದೊಂದು ಇಂಗ್ಲಿಷ್ ತಿಂಡಿ, ಉರು ಹೊಡೆಯಿರಿ’ ಎಂದು ಅವರು ಮುಂದಕ್ಕೆ ಹೋಗಲಿಲ್ಲ. ಕಾಣದ್ದನ್ನು ಕಂಡದ್ದರ ಪಕ್ಕದಲ್ಲಿಟ್ಟು ಊಹಿಸಿದರು. ಊಹೆ ತಪ್ಪಿತು, ನಿಜ. ಆದರೆ ಪರದೇಶದ ಬದುಕನ್ನು ಓದಿ ತಿಳಿಯುವ ಕೆಲಸ ಶುರುವಾಗುವುದೇ ಹಾಗೆ.

ಇದೇ ನಾರಾಯಣ್ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಫೇಲಾದರು, ಅದೂ ಇಂಗ್ಲಿಷಿನಲ್ಲಿ! ಅವರ ತಂದೆ ಮೈಸೂರಿನ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿನ ಹೆಡ್ಮಾಸ್ಟರು. ಆ ಶಾಲೆಯ ಗ್ರಂಥಾಲಯಕ್ಕೆ ಲಂಡನ್ನಿನಿಂದ, ಅಮೆರಿಕದಿಂದ ಪತ್ರಿಕೆಗಳು ಬರುತ್ತಿದ್ದವು. ಫೇಲಾದ ಹುಡುಗ ಆ ಪತ್ರಿಕೆಗಳನ್ನೂ ಪುಸ್ತಕಗಳನ್ನೂ ಓದುತ್ತ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಅಲೆಯುತ್ತ ಒಂದು ವರ್ಷ ಕಳೆದ. 1935ರಲ್ಲಿ ಲಂಡನ್ನಿನಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಅಚ್ಚಾಯಿತು. ಪರೀಕ್ಷೆಯ ಇಂಗ್ಲಿಷ್ ಅವರನ್ನು ಬೀಳಿಸಿತು, ಗ್ರಂಥಾಲಯದ ಇಂಗ್ಲಿಷ್ ಎತ್ತಿ ನಿಲ್ಲಿಸಿತು. ಎಲ್ಲರೂ ನಾರಾಯಣ್ ಆಗುವುದಿಲ್ಲ ಎಂದು ನೀವು ಹೇಳಬಹುದು. ಒಪ್ಪಿದೆ. ಆ ಗ್ರಂಥಾಲಯ ತೆರೆದಿತ್ತು ಎಂಬುದಷ್ಟೇ ನನಗೆ ಮುಖ್ಯ.

ಆ ಕಾಲದ ಪಠ್ಯಗಳು ತೋರಿಸಿದ್ದು ಇಂಗ್ಲೆಂಡನ್ನು, ಜಗತ್ತನ್ನಲ್ಲ. ಮಲೆನಾಡಿನ ಮಳೆಯಲ್ಲಿ ನೆನೆದು ಬಂದ ಹುಡುಗ ಹಿಮದ ಮೇಲೆ ಪದ್ಯ ಬಾಯಿಪಾಠ ಮಾಡುತ್ತಿದ್ದ. ಬಳ್ಳಾರಿಯ ಬಿಸಿಲಿನ ಹುಡುಗಿ ಬೇಸಿಗೆಯನ್ನು ಬೇಡಿ ಕರೆಯುವ ಪದ್ಯಕ್ಕೆ ಸಾರಾಂಶ ಬರೆಯುತ್ತಿದ್ದಳು. ವರ್ಡ್ಸ್‌ವರ್ತನ ಡ್ಯಾಫಡಿಲ್ ಹೂವನ್ನು ಕಾಣದೆಯೇ ಅದರ ಪದ್ಯ ಒಪ್ಪಿಸಿದ ಮಕ್ಕಳು ನಮ್ಮಲ್ಲಷ್ಟೇ ಇಲ್ಲ. ಕೆರಿಬಿಯನ್ ದ್ವೀಪದ ಜಮೈಕಾ ಕಿನ್‌ಕೇಡ್ 1990ರ ತಮ್ಮ ‘ಲೂಸಿ’ ಕಾದಂಬರಿಯಲ್ಲಿ ಅಂಥ ಹುಡುಗಿಯೊಬ್ಬಳು ದೊಡ್ಡವಳಾಗಿ ಅಮೆರಿಕದಲ್ಲಿ ಆ ಹೂವನ್ನು ಮೊದಲ ಬಾರಿ ಕಂಡಾಗ ಸಿಟ್ಟಿಗೇಳುವುದನ್ನು ಚಿತ್ರಿಸಿದ್ದಾರೆ. ನೈಜೀರಿಯದ ಚಿನುವ ಅಚಿಬೆ ಬಾಲ್ಯದಲ್ಲಿ ಆಫ್ರಿಕದ ಕಾಡುಗಳಲ್ಲಿ ಸಾಹಸ ಮೆರೆಯುವ ಬಿಳಿಯರ ಕಥೆ ಓದುವಾಗ ತಾವೂ ಬಿಳಿಯರ ಪಕ್ಷವನ್ನೇ ವಹಿಸುತ್ತಿದ್ದುದನ್ನು ಹೇಳಿಕೊಂಡಿದ್ದಾರೆ. ಆ ಕಥೆಗಳಲ್ಲಿ ಕುಣಿದು ಕಿರುಚುವ ಕಾಡುಜನರು ತಮ್ಮವರೇ ಎಂದು ಹೊಳೆಯಲು ಅವರಿಗೆ ಕಾಲ ಹಿಡಿಯಿತು. ಹೊಳೆದ ಮೇಲೆ 1958ರಲ್ಲಿ ‘ಥಿಂಗ್ಸ್ ಫಾಲ್ ಅಪಾರ್ಟ್’ ಬಂತು.

ಕೀನ್ಯದ ಗೂಗಿ ವಾ ಥಿಯಾಂಗೊ ಬರೆದದ್ದು ಇನ್ನೂ ಕಟುವಾಗಿದೆ. ಅವರ ಶಾಲೆಯಲ್ಲಿ ಗಿಕುಯು ಮಾತಾಡಿ ಸಿಕ್ಕಿಬಿದ್ದವರಿಗೆ ಛಡಿಯೇಟು, ಇಲ್ಲವೇ ಕೊರಳಿಗೆ ಅವಮಾನದ ಫಲಕ. ಹಿಡಿಯುವ ಉಪಾಯ ಏನು ಗೊತ್ತೆ? ಬೆಳಿಗ್ಗೆ ಒಬ್ಬನ ಕೈಗೆ ಒಂದು ಗುಂಡಿ ಕೊಡುವುದು. ತಾಯ್ನುಡಿ ಆಡಿದವನ ಕೈಗೆ ಅವನು ಅದನ್ನು ದಾಟಿಸುವುದು. ಸಂಜೆ ಯಾರ ಕೈಯಲ್ಲಿದೆಯೋ ಅವನಿಂದ ಹಿಂದಕ್ಕೆ ಒಬ್ಬೊಬ್ಬರನ್ನೇ ಪತ್ತೆ ಹಚ್ಚುವುದು. ಮಕ್ಕಳನ್ನೇ ಮಕ್ಕಳ ಮೇಲೆ ಗೂಢಚಾರರನ್ನಾಗಿ ಮಾಡಿದ ಶಾಲೆ ಅದು. ನಗಬೇಡಿ, ಕನ್ನಡ ಮಾತಾಡಿದರೆ ದಂಡ ಹಾಕುವ ಕಾನ್ವೆಂಟುಗಳು ನಮ್ಮ ತಾಲ್ಲೂಕು ಕೇಂದ್ರಗಳಿಗೂ ಅಪರಿಚಿತವಲ್ಲ. ಅಂಥ ಕಡೆ ಕಲಿತ ಮಗುವಿಗೆ ಇಂಗ್ಲಿಷ್ ಬರಬಹುದು. ಇನ್ನೊಬ್ಬರ ಸಂಸ್ಕೃತಿಯನ್ನು ಗೌರವದಿಂದ ಓದುವುದು ಬರುವುದು ಕಷ್ಟ, ತನ್ನದನ್ನೇ ಒಮ್ಮೆ ನಾಚಿಕೆಯ ವಸ್ತುವೆಂದು ಅದು ಕಲಿತುಬಿಟ್ಟಿದೆಯಲ್ಲ!

ಹಾಗೆಂದು ಆ ಹಳೆಯ ಓದನ್ನೆಲ್ಲ ಗುಲಾಮಿತನ ಎಂದು ತಳ್ಳಿಹಾಕಿದರೆ ನಮ್ಮ ಸಾಹಿತ್ಯದ ಒಂದು ನೂರು ವರ್ಷವನ್ನು ತಳ್ಳಿಹಾಕಿದಂತೆ. ಬಿ.ಎಂ.ಶ್ರೀ. ಇಂಗ್ಲಿಷ್ ಮೇಷ್ಟರು. ತರಗತಿಯಲ್ಲಿ ಪಾಠ ಮಾಡಿದ ಭಾಷೆಯ ಸುಮಾರು ಅರವತ್ತು ಕವನಗಳನ್ನು ಅವರು ಕನ್ನಡಕ್ಕೆ ತಂದರು. ‘ಇಂಗ್ಲಿಷ್ ಗೀತಗಳು’ 1920ರ ದಶಕದಲ್ಲಿ ಕನ್ನಡ ಕವಿಗಳ ಕಿವಿಯನ್ನೇ ಬದಲಿಸಿತು. ಮಲೆನಾಡಿನಿಂದ ಮೈಸೂರಿಗೆ ಓದಲು ಬಂದ ಕುವೆಂಪು ಮೊದಲು ಇಂಗ್ಲಿಷಿನಲ್ಲೇ ಪದ್ಯ ಬರೆದರು, 1922ರಲ್ಲಿ ಅವುಗಳ ಪುಸ್ತಕವೂ ಬಂತು. ಕನ್ನಡದಲ್ಲಿ ಬರೆಯಪ್ಪಾ ಎಂದು ಅವರಿಗೆ ಬುದ್ಧಿ ಹೇಳಿದವರು ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್. ಹೊರನಾಡಿನವರೇ ನಮ್ಮನ್ನು ಮನೆಗೆ ಕಳಿಸಿದ ಪ್ರಸಂಗ ಇದು.

ಕುವೆಂಪು ಅವರ ಕಿಂದರಿಜೋಗಿಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಮೂಲತಃ ಅದು ಜರ್ಮನಿಯ ಹ್ಯಾಮೆಲಿನ್ ಪಟ್ಟಣದ ಐತಿಹ್ಯ. 1284ರ ಜೂನ್ 26ರಂದು ಅಲ್ಲಿಯ ನೂರಮೂವತ್ತು ಮಕ್ಕಳು ಕೊಳಲೂದುವವನ ಹಿಂದೆ ಹೋಗಿ ಮರೆಯಾದರೆಂದು ಆ ಊರಿನ ನೆನಪು. ಇಂಗ್ಲೆಂಡಿನ ರಾಬರ್ಟ್ ಬ್ರೌನಿಂಗ್ ಕಾಯಿಲೆ ಬಿದ್ದಿದ್ದ ಒಬ್ಬ ಗೆಳೆಯನ ಮಗನ ಸಂತೋಷಕ್ಕೆಂದು ಅದನ್ನು ಪದ್ಯ ಮಾಡಿದ, 1842ರಲ್ಲಿ ಅದು ಪುಸ್ತಕ ಸೇರಿತು. ಇಂಗ್ಲಿಷ್ ಪದ್ಯವಾಗಿ ಅದು ಮೈಸೂರು ತಲುಪಿ, ಕುವೆಂಪು ಕೈಯಲ್ಲಿ ತುಂಗಾ ತೀರದ ಬೊಮ್ಮನಹಳ್ಳಿಗೆ ಬಂತು. ಹ್ಯಾಮೆಲಿನ್ನಿನ ಪುರಸಭೆಯ ಅಧ್ಯಕ್ಷ ನಮ್ಮ ಗೌಡನಾದ, ಇಲಿಗಳು ನಮ್ಮ ಇಲಿಗಳಾದವು, ಜೋಗಿಯ ಕೈಗೆ ಕಿಂದರಿ ಬಂತು. ನಾಲ್ಕನೆಯ ತರಗತಿಯ ಕನ್ನಡ ಮಗು ಅದನ್ನು ಕುಣಿಯುತ್ತ ಹಾಡುವಾಗ ಜರ್ಮನಿಯ ನೆನಪು ಯಾರಿಗೂ ಬರುವುದಿಲ್ಲ. ಆ ಇಡ್ಲಿ ಮೇಷ್ಟರು ಅರ್ಧಕ್ಕೆ ಬಿಟ್ಟ ಕೆಲಸವನ್ನು ಕವಿ ಹೀಗೆ ಪೂರ್ತಿ ಮಾಡಿದರು. ಇದಕ್ಕೆಲ್ಲ ಮೊದಲು ಒಬ್ಬ ಹುಡುಗ ಆ ಇಂಗ್ಲಿಷ್ ಪದ್ಯವನ್ನು ಅಂಕಕ್ಕಲ್ಲದೆ ಖುಷಿಗೆ ಓದಿರಬೇಕಲ್ಲವೆ?

ಈಗ ನಾನ್‌ಡೀಟೇಲ್ ವಿಷಯಕ್ಕೆ ಬರುತ್ತೇನೆ. ಈ ಸಭೆಯಲ್ಲಿ ತಲೆ ನರೆತವರಿಗೆಲ್ಲ ಅದು ನೆನಪಿರಬೇಕು. ಡೀಟೇಲ್ ಪಠ್ಯ ಎಂದರೆ ಪದಪದಕ್ಕೂ ಅರ್ಥ ಬರೆಸಿಕೊಂಡು, ಸಂದರ್ಭ ವಿವರಿಸಿ ಸುಸ್ತಾಗುವ ಪುಸ್ತಕ. ನಾನ್‌ಡೀಟೇಲ್ ಎಂದರೆ ತೆಳ್ಳನೆಯ, ಸರಳಗೊಳಿಸಿದ ಕಥೆ. ಮಾಂಟೆ ಕ್ರಿಸ್ಟೊ, ಟ್ರೆಷರ್ ಐಲೆಂಡ್, ರಾಬಿನ್‌ಸನ್ ಕ್ರೂಸೊ. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಕಡಿಮೆ, ಆದ್ದರಿಂದಲೇ ಅದನ್ನು ಓದಿದೆವು. ಪುಟದ ಕೆಳಗೆ ಚಿತ್ರ ಇರುತ್ತಿತ್ತು. ಮಾಂಟೆ ಕ್ರಿಸ್ಟೊ ಎಂಬ, ಸೆರೆಮನೆಯ ಗೋಡೆ ಕೊರೆಯುವ ಫ್ರೆಂಚ್ ನಾವಿಕನ ಕಥೆಯಲ್ಲಿ ಅವನು ಹೆಣದ ಚೀಲದೊಳಗೆ ಅಡಗಿ ಸಮುದ್ರಕ್ಕೆ ಬೀಳುವ ಪುಟ ಬಂದಾಗ ಊಟದ ಬೆಲ್ಲು ಹೊಡೆದರೂ ಹುಡುಗರು ಏಳದಿದ್ದುದನ್ನು ಮೇಷ್ಟರಾಗಿ ನಾನು ಕಂಡಿದ್ದೇನೆ. ಗ್ರಾಮರ್ ಪಾಠದಲ್ಲಿ ಅಂಥದ್ದನ್ನು ಎಂದೂ ಕಂಡಿಲ್ಲ.

ಈ ತೆಳ್ಳನೆಯ ಪುಸ್ತಕಗಳ ಹಿಂದೆ ನಮ್ಮದೇ ಉಪಖಂಡದ ತರಗತಿಯೊಂದಿದೆ. ಮೈಕೇಲ್ ವೆಸ್ಟ್ ಎಂಬ ಇಂಗ್ಲಿಷ್ ಅಧಿಕಾರಿ ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನ ಪ್ರಿನ್ಸಿಪಾಲರಾಗಿದ್ದರು. ಬಂಗಾಳಿ ಮಕ್ಕಳು ಇಂಗ್ಲಿಷ್ ಕಲಿಯುವ ಕಷ್ಟ ನೋಡಿ 1926ರಲ್ಲಿ ಅವರು ಒಂದು ವರದಿ ಬರೆದರು. ಶಾಲೆಗೆ ಸೇರಿದ ಮಕ್ಕಳಲ್ಲಿ ಬಹುಪಾಲು ನಡುವೆಯೇ ಬಿಡುತ್ತಾರೆ. ಹಾಗೆ ಬಿಟ್ಟುಹೋಗುವ ಮಗುವಿನ ಕೈಯಲ್ಲಿ ಏನು ಉಳಿಯುತ್ತದೆ ಎಂಬುದು ಅವರ ಪ್ರಶ್ನೆ. ಇದಕ್ಕೆ ಅವರು ವಿಮೆಯ ಲೆಕ್ಕದಿಂದ ಸರೆಂಡರ್ ವ್ಯಾಲ್ಯೂ ಎಂಬ ಮಾತನ್ನು ತಂದುಕೊಂಡರು. ಎಲ್‌ಐಸಿ ಪಾಲಿಸಿಯನ್ನು ಅರ್ಧಕ್ಕೆ ಬಿಟ್ಟವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮಾತಾಡಲು ಅರ್ಧ ಕಲಿತವನು, ಮಾತಾಡುವ ಜನ ಸುತ್ತ ಇಲ್ಲದಿದ್ದರೆ, ಮರೆಯುತ್ತಾನೆ. ಓದಲು ಕಲಿತವನಿಗೆ ಪುಸ್ತಕ ಸಿಕ್ಕರೆ ಸಾಕು, ಶಾಲೆ ಬಿಟ್ಟ ಮೇಲೂ ಕಲಿಕೆ ಮುಂದುವರಿಯುತ್ತದೆ. ಆದ್ದರಿಂದ ಮೊದಲು ಓದಿಸಿ ಎಂದರು ವೆಸ್ಟ್. ಹೆಚ್ಚು ಬಳಕೆಯ ಪದಗಳನ್ನು ಆರಿಸಿ, ಅಷ್ಟರಲ್ಲೇ ಕಥೆ ಹೇಳುವ ವಾಚಿಕೆಗಳನ್ನು ಮಾಡಿದರು. 1953ರಲ್ಲಿ ಅವರು ಹೊರತಂದ ಸುಮಾರು ಎರಡು ಸಾವಿರ ಪದಗಳ ಪಟ್ಟಿ ಸರಳ ಇಂಗ್ಲಿಷ್ ಕಥೆ ಬರೆಯುವವರಿಗೆ ದಶಕಗಳ ಕಾಲ ಅಳತೆಗೋಲಾಯಿತು. ಸಾಹೇಬರ ಆಡಳಿತದ ಬಗ್ಗೆ ನನಗೆ ಮೋಹವಿಲ್ಲ. ಆದರೆ ಸ್ವತಂತ್ರ ಭಾರತದ ಯಾವ ಇಂಗ್ಲಿಷ್ ಪಠ್ಯಕ್ರಮವೂ ಆ ಸರೆಂಡರ್ ವ್ಯಾಲ್ಯೂ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ಕೊಟ್ಟಿಲ್ಲ ಎಂದೇ ನನ್ನ ಅಭಿಪ್ರಾಯ.

ಮುಂದೆ ಆದದ್ದನ್ನು ಬೇಗ ಹೇಳಿಬಿಡುತ್ತೇನೆ. ವಾಕ್ಯದ ಅಚ್ಚುಗಳನ್ನು ಬಾಯಲ್ಲಿ ಹೇಳಿಸುವ ಸ್ಟ್ರಕ್ಚರಲ್ ಪದ್ಧತಿ ಬಂತು. ಮೇಷ್ಟರು ಪೆನ್ನು ಎತ್ತಿ ಹಿಡಿದು ಇದು ಪೆನ್ನು ಎನ್ನುವುದು, ನಲವತ್ತು ಮಕ್ಕಳು ಅದನ್ನೇ ಅನ್ನುವುದು. 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶುರುವಾಗಿ ಸಾವಿರಾರು ಶಿಕ್ಷಕರಿಗೆ ತರಬೇತಿ ಕೊಟ್ಟಿತು. 1979ರಿಂದ 1984ರವರೆಗೆ ಭಾಷಾ ಶಿಕ್ಷಣ ತಜ್ಞ ಎನ್.ಎಸ್. ಪ್ರಭು ಬೆಂಗಳೂರು, ಮದ್ರಾಸು ಮೊದಲಾದ ಊರುಗಳ ಸಾಧಾರಣ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ವ್ಯಾಕರಣ ಕಲಿಸದೆ, ನಕಾಶೆ, ರೈಲಿನ ವೇಳಾಪಟ್ಟಿ ಇಂಥವನ್ನು ಕೊಟ್ಟು ಲೆಕ್ಕ ಬಿಡಿಸಿ ಎನ್ನುವುದು. ಮನಸ್ಸು ಅರ್ಥದ ಮೇಲಿದ್ದಾಗ ಭಾಷೆ ತಾನಾಗಿ ಹತ್ತುತ್ತದೆ ಎಂಬುದು ಅವರ ನಂಬಿಕೆ. ಜಗತ್ತಿನ ಭಾಷಾ ಶಿಕ್ಷಣದ ಪುಸ್ತಕಗಳಲ್ಲಿ ಇಂದಿಗೂ ಅದಕ್ಕೆ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರು. ಬೆಂಗಳೂರಿನ ಎಷ್ಟು ಶಾಲೆಗಳಿಗೆ ಅದರ ನೆನಪಿದೆಯೋ! 2007ರಲ್ಲಿ ಕರ್ನಾಟಕದಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬಂತು. ಈಗ ಸರ್ಕಾರಿ ಶಾಲೆಗಳಲ್ಲೂ ಇಂಗ್ಲಿಷ್ ಮಾಧ್ಯಮದ ವಿಭಾಗಗಳಿವೆ. ವರ್ಷ ಹೆಚ್ಚಿತು, ಪಿರಿಯಡ್ ಹೆಚ್ಚಿತು. ನಾನ್‌ಡೀಟೇಲ್ ಮಾತ್ರ ಪಠ್ಯದ ಕೊನೆಯ ಕೆಲವು ಪುಟಗಳಾಗಿ ಮುದುರಿತು. ಆ ಪುಟಗಳಿಗೂ ಪ್ರಶ್ನೋತ್ತರದ ಗೈಡು ಹುಟ್ಟಿಕೊಂಡಿತು. ಕಥೆ ಓದದೆ ಕಥೆಯ ಪ್ರಶ್ನೆಗೆ ಉತ್ತರ ಬರೆದು ಪೂರ್ತಿ ಅಂಕ ತೆಗೆಯುವ ವಿದ್ಯೆಯನ್ನು ನಾವು ಸಿದ್ಧಿ ಮಾಡಿಕೊಂಡಿದ್ದೇವೆ.

ಓದಿಸಿದರೆ ಏನಾಗುತ್ತದೆ ಎಂಬುದಕ್ಕೆ ಪುರಾವೆ ಕೇಳುವವರಿಗಾಗಿ ಫಿಜಿ ದ್ವೀಪದ ಮಾತು ಹೇಳುತ್ತೇನೆ. ಕಬ್ಬಿನ ತೋಟಕ್ಕೆ ಕೂಲಿಗಳಾಗಿ ನಮ್ಮ ದೇಶದಿಂದ ಹೋದವರ ಮೊಮ್ಮಕ್ಕಳು ಮರಿಮಕ್ಕಳು ಇರುವ ನಾಡದು. ಅಲ್ಲಿಯೂ ಇಂಗ್ಲಿಷ್ ಮನೆಮಾತಲ್ಲ, ಅಲ್ಲಿಯೂ ಬಾಯಲ್ಲಿ ಹೇಳಿಸುವ ಸ್ಟ್ರಕ್ಚರಲ್ ಪಾಠವೇ ನಡೆಯುತ್ತಿತ್ತು. 1980ರ ಸುಮಾರಿಗೆ ವಾರ್ವಿಕ್ ಎಲ್ಲಿ ಮತ್ತು ಫ್ರಾನ್ಸಿಸ್ ಮಂಗುಭಾಯಿ ಎಂಬ ಇಬ್ಬರು ಸಂಶೋಧಕರು ಹಳ್ಳಿಯ ಹನ್ನೆರಡು ಪ್ರಾಥಮಿಕ ಶಾಲೆಗಳನ್ನು ಆರಿಸಿದರು. ಎಂಟು ಶಾಲೆಗಳ ತರಗತಿಗಳಿಗೆ ಇನ್ನೂರೈವತ್ತು ಚಿತ್ರಕಥೆ ಪುಸ್ತಕಗಳನ್ನು ಕೊಟ್ಟು ದಿನಾ ಓದಿಸಿದರು. ನಾಲ್ಕರಲ್ಲಿ ಹಳೆಯ ಪಾಠವೇ ಮುಂದುವರಿಯಿತು. ಪುಸ್ತಕ ಸಿಕ್ಕ ಮಕ್ಕಳು ಓದುವುದರಲ್ಲಿ ಉಳಿದವರಿಗಿಂತ ಹೆಚ್ಚು ಕಡಿಮೆ ಇಮ್ಮಡಿ ವೇಗದಲ್ಲಿ ಮುಂದೆ ಹೋದರು. ಎರಡನೆಯ ವರ್ಷಕ್ಕೆ ಬರವಣಿಗೆಯಲ್ಲಿ, ವ್ಯಾಕರಣದಲ್ಲಿ ಕೂಡ ಲಾಭ ಕಂಡಿತು. ವ್ಯಾಕರಣ ಕಲಿಸದೆ ವ್ಯಾಕರಣ ಬಂತು! ನಮ್ಮ ಇಲಾಖೆಯ ತರಬೇತಿಗಳಲ್ಲಿ ಈ ಫಿಜಿಯ ಹೆಸರನ್ನು ನಾನು ಕೇಳಿದ್ದು ಬಹಳ ಕಡಿಮೆ.

ಯಾವ ಪುಸ್ತಕ ಓದಿಸಬೇಕು ಎಂಬಲ್ಲಿ ಎಚ್ಚರ ಬೇಕು. ಕ್ರೂಸೊನನ್ನೇ ತೆಗೆದುಕೊಳ್ಳಿ. 1719ರ ಕಾದಂಬರಿ ಅದು. ದ್ವೀಪದಲ್ಲಿ ಸಿಕ್ಕ ಮನುಷ್ಯನಿಗೆ, ಸಿಕ್ಕ ದಿನ ಶುಕ್ರವಾರವಾದ್ದರಿಂದ, ಕ್ರೂಸೊ ಫ್ರೈಡೆ ಎಂದು ಹೆಸರಿಡುತ್ತಾನೆ. ತನ್ನನ್ನು ಒಡೆಯ ಎಂದು ಕರೆಯಲು ಕಲಿಸುತ್ತಾನೆ. ಅವನ ಹೆಸರೇನೆಂದು ಕೇಳುವುದಿಲ್ಲ. ಈ ಪಾಠ ಮಾಡುವಾಗ ನಾನು ಮಕ್ಕಳನ್ನು ಕೇಳುತ್ತಿದ್ದೆ: ಫ್ರೈಡೆ ತನ್ನ ಊರಿಗೆ ಹೋಗಿ ಈ ಕಥೆ ಹೇಳಿದ್ದರೆ ಹೇಗೆ ಹೇಳುತ್ತಿದ್ದ? ಮೊದಲು ಎಲ್ಲರೂ ಸುಮ್ಮನಿರುತ್ತಿದ್ದರು. ಒಬ್ಬಳು ಬಾಯಿ ಬಿಟ್ಟರೆ ಸಾಕು, ಆಮೇಲೆ ಪಿರಿಯಡ್ ಸಾಲುತ್ತಿರಲಿಲ್ಲ. ಒಂದೇ ದೇಶದ ಕಣ್ಣಿನಿಂದ ಲೋಕ ನೋಡಿದರೆ ಉಳಿದವರೆಲ್ಲ ಫ್ರೈಡೆಗಳಾಗಿ ಕಾಣುತ್ತಾರೆ, ನಾವೂ ಸೇರಿ. ಆದ್ದರಿಂದ ಸರಳ ಇಂಗ್ಲಿಷಿನಲ್ಲಿ ನೈಜೀರಿಯ, ವಿಯೆಟ್ನಾಂ, ಚಿಲಿಯ ಕಥೆಗಳೂ ಬರಲಿ. ಕೇರಳದ, ಅಸ್ಸಾಮಿನ ಕಥೆಗಳು ಬರಲಿ. ನಮ್ಮ ಮಗುವಿಗೆ ನಾಗಾ ಹಳ್ಳಿ ಲಂಡನ್ನಿಗಿಂತ ದೂರವಾಗಿದೆ.

ಇಲ್ಲಿ ಒಂದು ಮಾತನ್ನು ಇಂಗ್ಲಿಷ್ ಮೇಷ್ಟರಾಗಿಯೇ ಒಪ್ಪಿಕೊಳ್ಳಬೇಕು. ನನ್ನ ಪೀಳಿಗೆಯ ಕನ್ನಡಿಗರಿಗೆ ಲೋಕವನ್ನು ಹೆಚ್ಚು ತೋರಿಸಿದ್ದು ಶಾಲೆಯ ಇಂಗ್ಲಿಷ್ ಅಲ್ಲ, ಇಂಗ್ಲಿಷ್ ಬಲ್ಲವರು ಬರೆದ ಕನ್ನಡ. ಶಿವರಾಮ ಕಾರಂತರು 1930ರ ದಶಕದಲ್ಲಿ ‘ಬಾಲಪ್ರಪಂಚ’ದ ಸಂಪುಟಗಳನ್ನು ಒಬ್ಬರೇ ಕೂತು ಬರೆದರು. ನಿರಂಜನರ ಸಂಪಾದಕತ್ವದಲ್ಲಿ 1980ರ ದಶಕದ ಆರಂಭದಲ್ಲಿ ನವಕರ್ನಾಟಕ ಪ್ರಕಾಶನ ‘ವಿಶ್ವಕಥಾಕೋಶ’ದ ಇಪ್ಪತ್ತೈದು ಸಂಪುಟಗಳನ್ನು ತಂದಿತು. ಆಫ್ರಿಕದ, ಅರಬ್ ನಾಡುಗಳ, ಲ್ಯಾಟಿನ್ ಅಮೆರಿಕದ ಸಣ್ಣಕಥೆಗಳನ್ನು ತಾಲ್ಲೂಕಿನ ಗ್ರಂಥಾಲಯದಲ್ಲಿ ಕೂತು ಕನ್ನಡದಲ್ಲಿ ಓದಬಹುದಾಗಿತ್ತು. ಆ ಅನುವಾದಗಳಲ್ಲಿ ಬಹುಪಾಲು ಇಂಗ್ಲಿಷಿನ ದಾರಿಯಿಂದ ಬಂದವು. ತೇಜಸ್ವಿಯವರು ಕೆನೆತ್ ಆ್ಯಂಡರ್ಸನ್ನನ ಕಾಡಿನ ಕಥೆಗಳನ್ನು ಕನ್ನಡಿಸಿದಾಗ ಇಂಗ್ಲಿಷ್ ಎಂದರೆ ಹೆದರುತ್ತಿದ್ದ ಹುಡುಗರು ಅದನ್ನು ಓದಿ, ಮೂಲ ಎಲ್ಲಿ ಸಿಗುತ್ತದೆ ಸಾರ್ ಎಂದು ನನ್ನನ್ನು ಕೇಳಿಕೊಂಡು ಬಂದರು. ಕನ್ನಡದಲ್ಲಿ ಓದಿನ ರುಚಿ ಹತ್ತಿದ ಮಗು ಇಂಗ್ಲಿಷಿಗೆ ದಾಟುತ್ತದೆ. ಎರಡರಲ್ಲೂ ಕಥೆ ಓದದ ಮಗುವಿಗೆ ಎರಡು ಭಾಷೆಯೂ ಬರಿಯ ವಿಷಯಗಳು. ಇವತ್ತಿನ ಇಂಗ್ಲಿಷ್ ಮಾಧ್ಯಮದ ಎಷ್ಟೋ ಮಕ್ಕಳ ಪಾಡು ಇದೇ ಆಗಿದೆ: ವಿಶ್ವಕಥಾಕೋಶ ಓದುವಷ್ಟು ಕನ್ನಡವಿಲ್ಲ, ಅಚಿಬೆಯನ್ನು ಓದುವಷ್ಟು ಇಂಗ್ಲಿಷ್ ಇಲ್ಲ. ಇದನ್ನು ಶಿಕ್ಷಣ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಪುಸ್ತಕ ಎಲ್ಲಿದೆ ಎನ್ನುವವರಿಗೆ ಉತ್ತರ ಇದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯ ಮಕ್ಕಳ ಪುಸ್ತಕಗಳು ಕನ್ನಡ, ಇಂಗ್ಲಿಷ್ ಎರಡರಲ್ಲೂ ಸಿಗುತ್ತವೆ. ಅದರ ‘ಸ್ಟೋರಿವೀವರ್’ ಜಾಲತಾಣದ ಮೂಲಕ 2015ರಿಂದ ಅವು ಉಚಿತ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳು, ಅಂದರೆ ಹಳ್ಳಿಯ ಗ್ರಂಥಾಲಯಗಳು, ರಾಜ್ಯದಲ್ಲಿ ಐದು ಸಾವಿರಕ್ಕೂ ಮಿಕ್ಕಿ ಇವೆ, 2020ರ ಕೊನೆಯಲ್ಲಿ ಶುರುವಾದ ‘ಓದುವ ಬೆಳಕು’ ಅಭಿಯಾನದಿಂದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ಶಾಲೆಗಳಲ್ಲೂ ಪುಸ್ತಕಗಳಿವೆ, ಬೀರುವಿನಲ್ಲಿ. ಬೀರುವಿಗೆ ಬೀಗ. ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನ ಡ್ರಾಯರಿನಲ್ಲಿ. ಪುಸ್ತಕ ಕಳೆದರೆ ಸ್ಟಾಕ್ ರಿಜಿಸ್ಟರಿಗೆ ಯಾರು ಉತ್ತರ ಕೊಡಬೇಕು, ಆಡಿಟ್‌ನವರು ಯಾರ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ ಎಂಬ ಭಯದಲ್ಲಿ ಎಷ್ಟೋ ಪುಸ್ತಕಗಳು ಹುಳು ತಿಂದು ಹೋಗುತ್ತವೆ. ಹುಳು ತಿಂದರೆ ರೈಟ್‌ಆಫ್ ಮಾಡಲು ನಿಯಮವಿದೆ. ಮಕ್ಕಳು ಓದಿ ಹರಿದರೆ ಜವಾಬ್ದಾರಿ ಮೇಷ್ಟರ ತಲೆಗೆ. ಆ ಭಯ ನನಗೆ ಅರ್ಥವಾಗುತ್ತದೆ, ನಾನೂ ಆ ರಿಜಿಸ್ಟರಿಗೆ ಸಹಿ ಹಾಕಿದವನು.

ಆದ್ದರಿಂದ ಈ ಉಪನ್ಯಾಸಕ್ಕೆ ದತ್ತಿ ಇಟ್ಟ ಕುಟುಂಬದ ಹಿರಿಯರಲ್ಲಿ ನನ್ನದೊಂದು ವಿನಂತಿ. ಮುಂದಿನ ವರ್ಷ ಉಪನ್ಯಾಸಕರಿಗೆ ಹಾರ, ಶಾಲು, ಫಲತಾಂಬೂಲಕ್ಕೆ ತೆಗೆದಿಡುವ ಹಣದಲ್ಲಿ ಈ ಊರಿನ ಹೈಸ್ಕೂಲಿಗೆ ಸರಳ ಇಂಗ್ಲಿಷಿನ, ಕನ್ನಡದ ಕಥೆಪುಸ್ತಕಗಳನ್ನು ಕೊಡಿಸಿ. ಅವನ್ನು ಸ್ಟಾಕ್ ರಿಜಿಸ್ಟರಿಗೆ ಹತ್ತಿಸದೆ, ದತ್ತಿಯ ಸ್ವತ್ತಾಗಿಯೇ ಇಟ್ಟು ಮಕ್ಕಳ ಕೈಗೆ ನೇರ ಕೊಡಿ. ಹತ್ತು ಪುಸ್ತಕ ಕಳೆದರೆ ಕಳೆಯಲಿ. ಕಳೆದ ಪುಸ್ತಕ ಯಾರದೋ ಮನೆಯಲ್ಲಿರುತ್ತದೆ. ಶಿಕ್ಷಕ ಮಿತ್ರರು ವಾರಕ್ಕೆ ಎರಡು ಪಿರಿಯಡ್ ಪ್ರಶ್ನೆ ಕೇಳದೆ, ಅಂಕ ಕೊಡದೆ ಸುಮ್ಮನೆ ಓದಲು ಬಿಡಿ, ತಾವೂ ಒಂದು ಪುಸ್ತಕ ಹಿಡಿದು ಕೂತುಕೊಳ್ಳಿ. ಈ ವಾರ ಯಾರಾದರೂ ತರಗತಿಯಲ್ಲಿ ಇದನ್ನು ಶುರು ಮಾಡುವುದಾದರೆ ನನ್ನ ಮನೆಯಲ್ಲಿರುವ ನಾನ್‌ಡೀಟೇಲ್ ಪುಸ್ತಕಗಳನ್ನು ಕೊಡುತ್ತೇನೆ, ಸಭೆ ಮುಗಿದ ಮೇಲೆ ಬಂದು ಕೇಳಿ.